ಮಟಮೊರೊಸ್, 2023: ಗಡಿಯಾಚೆಯ ಶಸ್ತ್ರಚಿಕಿತ್ಸೆ ಮತ್ತು ಅದರ ನಂತರದ ವಾರಗಳು

2023ರ ಮೇ 16ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ಆರೋಗ್ಯ ಇಲಾಖೆ ವೈದ್ಯರಿಗೂ ಸಾರ್ವಜನಿಕರಿಗೂ ಒಂದು ಎಚ್ಚರಿಕೆ ಹೊರಡಿಸಿತು. ಗಡಿ ದಾಟಿ ಮೆಕ್ಸಿಕೊದ ತಮೌಲಿಪಾಸ್ ರಾಜ್ಯದ ಮಟಮೊರೊಸ್ ನಗರಕ್ಕೆ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದಿದ್ದ ಐವರಿಗೆ ಶಿಲೀಂಧ್ರದಿಂದ ಉಂಟಾಗುವ ಮೆನಿಂಜೈಟಿಸ್, ಅಂದರೆ ಮಿದುಳು ಮತ್ತು ಬೆನ್ನುಹುರಿಯನ್ನು ಸುತ್ತುವರಿದ ಪೊರೆಗಳ ಸೋಂಕು, ತಗುಲಿರಬಹುದು ಎಂಬ ಶಂಕೆ ಮೂಡಿತ್ತು. ಅವರಲ್ಲಿ ಒಬ್ಬರು ಆಗಲೇ ತೀರಿಕೊಂಡಿದ್ದರು. ಐವರಿಗೂ ಎಪಿಡ್ಯೂರಲ್, ಅಂದರೆ ಬೆನ್ನಿಗೆ ಸೂಜಿ ಚುಚ್ಚಿ ಕೊಡುವ, ಅರಿವಳಿಕೆ ಕೊಡಲಾಗಿತ್ತು. ಶಸ್ತ್ರಚಿಕಿತ್ಸೆಯಾದ ಮೂರು ದಿನಕ್ಕೇ ರೋಗಲಕ್ಷಣ ಕಾಣಿಸಿಕೊಂಡವರೂ ಇದ್ದರು, ಆರು ವಾರ ಕಳೆದ ಮೇಲೆ ಕಾಣಿಸಿಕೊಂಡವರೂ ಇದ್ದರು.

ಮುಂದಿನ ತಿಂಗಳುಗಳಲ್ಲಿ ಈ ಐದು ಪ್ರಕರಣಗಳು ಒಂದು ದೊಡ್ಡ ಸಾಂಕ್ರಾಮಿಕ ತನಿಖೆಯಾಗಿ ಬೆಳೆದವು. ಕಡಿಮೆ ಖರ್ಚಿನ ಚಿಕಿತ್ಸೆಗಾಗಿ ವಿದೇಶಕ್ಕೆ ಹೋಗುವುದರ ಬಗ್ಗೆ ಯೋಚಿಸುವ ಯಾರಾದರೂ ಈ ಪ್ರಕರಣವನ್ನು ವಿವರವಾಗಿ ನೋಡಬೇಕು ಎಂಬುದು ನನ್ನ ಅಭಿಪ್ರಾಯ. ವಿದೇಶದ ಆಸ್ಪತ್ರೆಗಳೆಲ್ಲ ಅಪಾಯಕಾರಿ ಎಂದು ಇದು ಹೇಳುವುದಿಲ್ಲ. ಆದರೆ ಶಸ್ತ್ರಚಿಕಿತ್ಸೆ ಒಂದು ದೇಶದಲ್ಲಿ ನಡೆದು, ಅದರ ಪರಿಣಾಮ ಇನ್ನೊಂದು ದೇಶದಲ್ಲಿ ಕಾಣಿಸಿಕೊಂಡಾಗ ನಡುವಿನ ಆ ಕೆಲವು ವಾರಗಳಿಗೆ ಹೊಣೆಗಾರರು ಯಾರೂ ಇರುವುದಿಲ್ಲ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಪ್ರಕರಣ ಮತ್ತೊಂದಿಲ್ಲ.

ಜನ ಏಕೆ ಹೋದರು

ಮಟಮೊರೊಸ್ ಇರುವುದು ರಿಯೊ ಗ್ರಾಂಡೆ ನದಿಯ ದಕ್ಷಿಣ ದಡದಲ್ಲಿ. ಉತ್ತರ ದಡದಲ್ಲಿ ಟೆಕ್ಸಾಸಿನ ಬ್ರೌನ್ಸ್‌ವಿಲ್ ಇದೆ. ಎರಡು ಊರುಗಳ ನಡುವಿನ ಸೇತುವೆಯನ್ನು ನಡೆದೇ ದಾಟಬಹುದು. ಹಲ್ಲಿನ ಚಿಕಿತ್ಸೆ, ಕನ್ನಡಕ, ಔಷಧ ಮೊದಲಾದವುಗಳಿಗಾಗಿ ಗಡಿ ದಾಟುವುದು ಆ ಭಾಗದ ಜನರಿಗೆ ತಲೆಮಾರುಗಳಿಂದ ರೂಢಿಯಾಗಿರುವ ಸಂಗತಿ. ಕೊಬ್ಬನ್ನು ಹೀರಿ ತೆಗೆಯುವ ಲಿಪೊಸಕ್ಷನ್, ಸ್ತನದ ಗಾತ್ರ ಹೆಚ್ಚಿಸುವ ಶಸ್ತ್ರಚಿಕಿತ್ಸೆ, ನಿತಂಬಕ್ಕೆ ಕೊಬ್ಬು ತುಂಬುವ ಶಸ್ತ್ರಚಿಕಿತ್ಸೆ ಇವೆಲ್ಲ ಆ ರೂಢಿಗೆ ಈಚೆಗೆ ಸೇರಿಕೊಂಡವು. ಅಮೆರಿಕದ ಆರೋಗ್ಯ ವಿಮೆ ಸೌಂದರ್ಯಕ್ಕಾಗಿ ಮಾಡಿಸಿಕೊಳ್ಳುವ ಇಂತಹ ಶಸ್ತ್ರಚಿಕಿತ್ಸೆಗಳ ಖರ್ಚನ್ನು ಭರಿಸುವುದಿಲ್ಲವಾದ್ದರಿಂದ ಪೂರ್ತಿ ಹಣವನ್ನು ಕೈಯಿಂದಲೇ ಹಾಕಬೇಕಾಗುತ್ತದೆ. ಗಡಿಯಾಚೆ ಅದೇ ಕೆಲಸ ತೀರ ಕಡಿಮೆ ದರದಲ್ಲಿ ಆಗುತ್ತದೆ ಎಂದಾಗ ಮಧ್ಯಮ ಆದಾಯದವರು ಅತ್ತ ಮುಖ ಮಾಡುವುದು ಅಸಹಜವೇನಲ್ಲ.

ದರ ಕಡಿಮೆಯಾಗಿರುವುದಕ್ಕೆ ನ್ಯಾಯವಾದ ಕಾರಣಗಳು ಬೇಕಾದಷ್ಟಿವೆ. ವೈದ್ಯರ ಮತ್ತು ದಾದಿಯರ ಸಂಬಳ, ಕಟ್ಟಡದ ಬಾಡಿಗೆ, ವೈದ್ಯಕೀಯ ಮೊಕದ್ದಮೆಗಳ ಭಯದಿಂದ ಕಟ್ಟುವ ವಿಮೆಯ ಕಂತು, ಆಡಳಿತ ವೆಚ್ಚ ಎಲ್ಲವೂ ಅಲ್ಲಿ ಕಡಿಮೆ. ಆದ್ದರಿಂದ ಅಗ್ಗ ಎಂದ ಮಾತ್ರಕ್ಕೆ ಕಳಪೆ ಎಂದು ತೀರ್ಮಾನಿಸುವುದು ಸರಿಯಲ್ಲ. ಅಂತರರಾಷ್ಟ್ರೀಯ ಮಾನ್ಯತೆ ನೀಡುವ ಜಾಯಿಂಟ್ ಕಮಿಷನ್ ಇಂಟರ್‌ನ್ಯಾಷನಲ್ ಸಂಸ್ಥೆ 1999ರಲ್ಲಿ ಬ್ರೆಜಿಲಿನ ಸಾವೊ ಪಾಲೊ ನಗರದ ಆಸ್ಪತ್ರೆಯೊಂದಕ್ಕೆ ತನ್ನ ಮೊದಲ ಮಾನ್ಯತೆ ಕೊಟ್ಟಿತು. ಅಂದಿನಿಂದ ಹಲವು ಖಂಡಗಳ ಆಸ್ಪತ್ರೆಗಳು ಅದೇ ಅಳತೆಗೋಲಿಗೆ ತಮ್ಮನ್ನು ಒಡ್ಡಿಕೊಂಡಿವೆ. ಆದರೆ ಗಡಿ ಪಟ್ಟಣಗಳ ಸಣ್ಣ ಶಸ್ತ್ರಚಿಕಿತ್ಸಾ ಕೇಂದ್ರಗಳಿಗೆ ಜನ ಬರುವುದು ಬಹುಮಟ್ಟಿಗೆ ಪರಿಚಿತರ ಮಾತಿನಿಂದ, ಸಾಮಾಜಿಕ ಜಾಲತಾಣದ ಚಿತ್ರಗಳಿಂದ. ಶಸ್ತ್ರಚಿಕಿತ್ಸೆ ಮಾಡುವ ವೈದ್ಯರು ಯಾರು ಎಂಬುದನ್ನು ವಿಚಾರಿಸುವವರೂ ಅರಿವಳಿಕೆ ಕೊಡುವವರು ಯಾರು, ಯಾವ ಔಷಧ, ಅದು ಎಲ್ಲಿಂದ ಬಂತು ಎಂದು ಕೇಳುವುದು ಅಪರೂಪ. ಈ ಪ್ರಕರಣದಲ್ಲಿ ಸೋಂಕು ಒಳಹೊಕ್ಕದ್ದು ಆ ದಾರಿಯಿಂದಲೇ.

ಇನ್ನೊಂದು ವಿಷಯವನ್ನು ಇಲ್ಲಿಯೇ ಹೇಳಬೇಕು. ತಮೌಲಿಪಾಸ್ ರಾಜ್ಯಕ್ಕೆ ಹೋಗಲೇಬೇಡಿ ಎಂಬ ಅತ್ಯುನ್ನತ ಮಟ್ಟದ ಪ್ರಯಾಣ ಎಚ್ಚರಿಕೆಯನ್ನು ಅಮೆರಿಕ ಸರ್ಕಾರ ಆ ವೇಳೆಗಾಗಲೇ ನೀಡಿತ್ತು. 2023ರ ಮಾರ್ಚ್ ಮೊದಲ ವಾರದಲ್ಲಿ ಮಟಮೊರೊಸ್‌ಗೆ ಬಂದಿದ್ದ ನಾಲ್ವರು ಅಮೆರಿಕನ್ನರನ್ನು ಬಂದೂಕುಧಾರಿಗಳು ಅಪಹರಿಸಿದರು, ಇಬ್ಬರು ಕೊಲೆಯಾದರು. ಅವರಲ್ಲಿ ಒಬ್ಬ ಮಹಿಳೆ ಹೊಟ್ಟೆಯ ಚರ್ಮ ಬಿಗಿಗೊಳಿಸುವ ಶಸ್ತ್ರಚಿಕಿತ್ಸೆಗೆಂದು ಹೊರಟಿದ್ದರು. ಆ ಘಟನೆ ದೇಶದಾದ್ಯಂತ ಸುದ್ದಿಯಾದ ಮೇಲೂ ಜನ ಹೋಗುತ್ತಲೇ ಇದ್ದರು. ಖರ್ಚಿನ ಅಂತರ ಮನುಷ್ಯನ ನಿರ್ಧಾರವನ್ನು ಎಷ್ಟರ ಮಟ್ಟಿಗೆ ಎಳೆಯುತ್ತದೆ ಎಂಬುದನ್ನು ಇದರಿಂದ ಊಹಿಸಬಹುದು. ಅವರನ್ನು ಮೂರ್ಖರೆಂದು ಕರೆಯುವುದು ಸುಲಭ, ಆದರೆ ಅದರಿಂದ ಯಾರಿಗೂ ಉಪಯೋಗವಿಲ್ಲ.

ಸೂಜಿಯ ತುದಿಯಲ್ಲಿ ಏನಾಯಿತು

ಎಪಿಡ್ಯೂರಲ್ ಅರಿವಳಿಕೆ ಹೆರಿಗೆ ಕೋಣೆಗಳಲ್ಲಿ ನಿತ್ಯ ಬಳಕೆಯಲ್ಲಿರುವ, ಸರಿಯಾಗಿ ಮಾಡಿದರೆ ಸುರಕ್ಷಿತವಾದ ವಿಧಾನ. ರೋಗಿ ಬೆನ್ನು ಬಾಗಿಸಿ ಕುಳಿತಾಗ ಅಥವಾ ಮಗ್ಗುಲಾಗಿ ಮಲಗಿದಾಗ, ಸೊಂಟದ ಭಾಗದ ಎರಡು ಕಶೇರುಕಗಳ ನಡುವೆ ಸೂಜಿಯನ್ನು ನಿಧಾನವಾಗಿ ಒಳಕ್ಕೆ ತಳ್ಳುತ್ತಾರೆ. ಸೂಜಿ ಗಟ್ಟಿಯಾದ ಅಸ್ಥಿರಜ್ಜುವನ್ನು ದಾಟುವವರೆಗೆ ಅದಕ್ಕೆ ಜೋಡಿಸಿದ ಸಿರಿಂಜಿನ ಒತ್ತುಕೋಲು ಬಿಗಿಯಾಗಿರುತ್ತದೆ. ದಾಟಿದ ಕ್ಷಣ ಆ ಬಿಗಿ ಒಮ್ಮೆಲೇ ಸಡಿಲವಾಗುತ್ತದೆ. ಆ ಸಡಿಲತೆಯನ್ನು ಬೆರಳಿನಿಂದಲೇ ಗುರುತಿಸಿ ತಜ್ಞರು ಅಲ್ಲಿ ನಿಲ್ಲುತ್ತಾರೆ, ತೆಳುವಾದ ಕೊಳವೆಯೊಂದನ್ನು ತೂರಿಸಿ ಅದರ ಮೂಲಕ ಔಷಧ ಕೊಡುತ್ತಾರೆ. ಸಾಮಾನ್ಯವಾಗಿ ನರಗಳನ್ನು ಮರಗಟ್ಟಿಸುವ ಬುಪಿವಕೇನ್‌ನಂತಹ ಔಷಧದ ಜೊತೆಗೆ ಮಾರ್ಫಿನ್‌ನಂತಹ ನೋವು ನಿವಾರಕವನ್ನೂ ಸೇರಿಸುವುದುಂಟು. ಸೂಜಿ ನಿಂತ ಜಾಗದಿಂದ ಕೆಲವೇ ಮಿಲಿಮೀಟರ್ ಮುಂದೆ ಡ್ಯೂರಾ ಎಂಬ ಪೊರೆ, ಅದರ ಒಳಗೆ ಬೆನ್ನುಹುರಿಯನ್ನು ತೋಯಿಸುವ ತಿಳಿಯಾದ ದ್ರವ. ಆ ದ್ರವವೇ ಮಿದುಳಿನ ಸುತ್ತಲೂ ಹರಿಯುತ್ತದೆ.

ಚರ್ಮದ ಮೇಲೆ ಬಿದ್ದ ಶಿಲೀಂಧ್ರದ ಬೀಜಕಣವನ್ನು ದೇಹ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಉಸಿರಿನೊಡನೆ ಒಳಹೊಕ್ಕದ್ದನ್ನು ಶ್ವಾಸಕೋಶದ ಕಾವಲು ಕಣಗಳು ನುಂಗಿಹಾಕುತ್ತವೆ. ಆದರೆ ಬೆನ್ನುಹುರಿಯ ದ್ರವದಲ್ಲಿ ರೋಗನಿರೋಧಕ ಕಣಗಳು ಬಹಳ ವಿರಳ. ಈ ಪ್ರಕರಣದ ಶಿಲೀಂಧ್ರ ಫ್ಯುಸೇರಿಯಂ ಸೊಲಾನಿ ಎಂಬ ಗುಂಪಿಗೆ ಸೇರಿದ್ದು. ಮಣ್ಣಿನಲ್ಲಿ ಎಲ್ಲೆಲ್ಲೂ ಇರುವ, ಬೆಳೆಗಳ ಬೇರು ಕೊಳೆಸುವ ಜೀವಿ. ಕಣ್ಣಿಗೆ ಗಾಯವಾದಾಗ ಅಥವಾ ರೋಗನಿರೋಧಕ ಶಕ್ತಿ ಕುಸಿದವರಲ್ಲಿ ಮಾತ್ರ ತೊಂದರೆ ಕೊಡುವ ಇಂತಹ ಶಿಲೀಂಧ್ರ ಆರೋಗ್ಯವಂತ ಯುವತಿಯರ ಮಿದುಳನ್ನು ತಲುಪಿದ್ದು ಯಾರೋ ಅದನ್ನು, ತಿಳಿಯದೆಯೇ, ಅಲ್ಲಿಗೆ ಚುಚ್ಚಿದ್ದರಿಂದ. ಅರಿವಳಿಕೆಗೆ ಬಳಸಿದ ಔಷಧವೇ ಕಲುಷಿತಗೊಂಡಿತ್ತೇ, ಅದನ್ನು ನಿರ್ವಹಿಸಿದ ರೀತಿಯಲ್ಲಿ ಲೋಪವಿತ್ತೇ ಎಂಬುದರ ಸುತ್ತಲೇ ತನಿಖೆ ನಡೆಯಿತು.

ಒಳಸೇರಿದ ಶಿಲೀಂಧ್ರ ಅವಸರ ಮಾಡುವುದಿಲ್ಲ. ಬ್ಯಾಕ್ಟೀರಿಯಾದಿಂದ ಬರುವ ಮೆನಿಂಜೈಟಿಸ್ ಗಂಟೆಗಳ ಲೆಕ್ಕದಲ್ಲಿ ರೋಗಿಯನ್ನು ನೆಲಕ್ಕೆ ಕೆಡವಿದರೆ, ಇದು ವಾರಗಟ್ಟಲೆ ಬೆಳೆಯುತ್ತ ಹೋಗಿ ಮಿದುಳಿನ ಬುಡದಲ್ಲಿರುವ ರಕ್ತನಾಳಗಳ ಗೋಡೆಯನ್ನು ಕೊರೆಯುತ್ತದೆ. ಕೊನೆಗೆ ರಕ್ತನಾಳ ಮುಚ್ಚಿಕೊಂಡು ಪಾರ್ಶ್ವವಾಯು ಆಗುತ್ತದೆ, ಇಲ್ಲವೇ ನಾಳ ಒಡೆದು ಮಿದುಳಿನೊಳಗೆ ರಕ್ತಸ್ರಾವವಾಗುತ್ತದೆ. ಅದುವರೆಗೆ ರೋಗಿಗೆ ಇರುವುದು ಮುಖ್ಯವಾಗಿ ತಲೆನೋವು. ಆಮೇಲೆ ಜ್ವರ, ವಾಂತಿ, ಕತ್ತು ಬಿಗಿಯುವುದು, ದೃಷ್ಟಿ ಮಂಜಾಗುವುದು ಒಂದೊಂದಾಗಿ ಸೇರಿಕೊಳ್ಳಬಹುದು.

ಈ ತಲೆನೋವನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳದಿರಲು ಸಾಕಷ್ಟು ಕಾರಣವಿತ್ತು. ಎಪಿಡ್ಯೂರಲ್ ಸೂಜಿ ಅಕಸ್ಮಾತ್ತಾಗಿ ಡ್ಯೂರಾವನ್ನು ಚುಚ್ಚಿದರೆ ದ್ರವ ಸೋರಿ ತಲೆನೋವು ಬರುವುದುಂಟು. ಎದ್ದು ಕುಳಿತರೆ ಹೆಚ್ಚುವ, ಮಲಗಿದರೆ ತಗ್ಗುವ ಆ ನೋವು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಹೀಗಾಗಿ "ಬೆನ್ನಿಗೆ ಇಂಜೆಕ್ಷನ್ ಕೊಟ್ಟ ಮೇಲೆ ತಲೆನೋವು ಸಹಜ" ಎಂಬ ಸಮಾಧಾನ ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತದೆ. ಮನೆಗೆ ಮರಳಿ ಕೆಲಸಕ್ಕೆ ಹೋಗತೊಡಗಿದ ಮಹಿಳೆ ಮೂರನೆಯ ವಾರದಲ್ಲಿ ತನ್ನೂರಿನ ತುರ್ತು ಚಿಕಿತ್ಸಾ ಘಟಕಕ್ಕೆ ಬಂದು ತಲೆನೋವು ಎಂದರೆ ಅಲ್ಲಿನ ವೈದ್ಯರು ಮೈಗ್ರೇನ್ ಎಂದುಕೊಳ್ಳಬಹುದು, ಮಾತ್ರೆ ಕೊಟ್ಟು ಕಳಿಸಬಹುದು. ಇತ್ತೀಚೆಗೆ ಬೇರೆ ದೇಶದಲ್ಲಿ ಶಸ್ತ್ರಚಿಕಿತ್ಸೆಯಾಗಿದೆಯೇ ಎಂಬ ಪ್ರಶ್ನೆ ಅವರ ಪಟ್ಟಿಯಲ್ಲಿ ಇರುವುದಿಲ್ಲ. ರೋಗಿಯೂ ತಾನಾಗಿ ಹೇಳದಿರಬಹುದು, ಏಕೆಂದರೆ ಸೌಂದರ್ಯಕ್ಕಾಗಿ ಮಾಡಿಸಿಕೊಂಡ ಶಸ್ತ್ರಚಿಕಿತ್ಸೆಯನ್ನು ಮನೆಯವರಿಂದಲೂ ಮುಚ್ಚಿಡುವವರಿದ್ದಾರೆ, "ಅಗ್ಗ ಅಂತ ಅಲ್ಲಿಗೆ ಹೋದಿರಾ?" ಎಂಬ ಮಾತಿಗೆ ಅಂಜುವವರಿದ್ದಾರೆ. ಈ ಸಂಕೋಚ ಒಂದು ವೈದ್ಯಕೀಯ ಅಪಾಯವೇ ಸರಿ. ರೋಗಿಯನ್ನು ನಾಚಿಸುವ ವೈದ್ಯರು ಮುಂದಿನ ರೋಗಿಯ ಬಾಯಿಯನ್ನೂ ಮುಚ್ಚಿಸುತ್ತಾರೆ.

ಹುಡುಕಾಟ

ಮೆಕ್ಸಿಕೊದ ಅಧಿಕಾರಿಗಳು ಮೇ 13ರಂದು ಮಟಮೊರೊಸ್‌ನ ಎರಡು ಶಸ್ತ್ರಚಿಕಿತ್ಸಾ ಕೇಂದ್ರಗಳನ್ನು ಮುಚ್ಚಿಸಿದರು. ಮೇ 17ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ, ದೇಶದ ಎಲ್ಲ ವೈದ್ಯರಿಗೆ ಎಚ್ಚರಿಕೆ ಕಳಿಸಿತು. ಜನವರಿ 1ರಿಂದ ಮೇ 13ರವರೆಗೆ ಆ ಕೇಂದ್ರಗಳಲ್ಲಿ ಎಪಿಡ್ಯೂರಲ್ ಅರಿವಳಿಕೆ ಪಡೆದ ಎಲ್ಲರೂ ಅಪಾಯದಲ್ಲಿರುವವರು ಎಂದು ಪರಿಗಣಿಸಲಾಯಿತು. ಮೆಕ್ಸಿಕೊ ಕಡೆಯಿಂದ ಬಂದ ಪಟ್ಟಿಗಳನ್ನು ಆಧರಿಸಿ ಅಮೆರಿಕದಲ್ಲಿಯೇ 200ಕ್ಕೂ ಹೆಚ್ಚು ಮಂದಿಯನ್ನು ಗುರುತಿಸಿದರು. ಅವರು ಟೆಕ್ಸಾಸಿನಲ್ಲಿ ಮಾತ್ರವಲ್ಲದೆ ಅನೇಕ ರಾಜ್ಯಗಳಲ್ಲಿ ಚದುರಿ ಹೋಗಿದ್ದರು. ಎರಡು ಡಜನ್‌ಗೂ ಹೆಚ್ಚು ರಾಜ್ಯ ಮತ್ತು ಸ್ಥಳೀಯ ಆರೋಗ್ಯ ಇಲಾಖೆಗಳು ಒಬ್ಬೊಬ್ಬರಿಗೇ ಕರೆ ಮಾಡುವ ಕೆಲಸಕ್ಕೆ ಇಳಿಯಬೇಕಾಯಿತು.

ಕರೆ ಮಾಡಿ ಹೇಳಬೇಕಾಗಿದ್ದುದಾದರೂ ಏನು? ನಿಮಗೆ ಯಾವ ತೊಂದರೆಯೂ ಇಲ್ಲದಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಿ, ಬೆನ್ನಿನ ನೀರು ತೆಗೆಸಿ ಪರೀಕ್ಷೆ ಮಾಡಿಸಿಕೊಳ್ಳಿ ಎಂದು. ಬೆನ್ನಿಗೆ ಚುಚ್ಚಿದ ಒಂದು ಸೂಜಿಯಿಂದಲೇ ಇಷ್ಟೆಲ್ಲ ಆಗಿದೆ ಎಂದು ತಿಳಿದ ವ್ಯಕ್ತಿಗೆ, ಹಾಯಾಗಿ ಓಡಾಡಿಕೊಂಡಿರುವಾಗ, ಮತ್ತೊಂದು ಸೂಜಿಗೆ ಬೆನ್ನೊಡ್ಡಿ ಎಂದು ದೂರವಾಣಿಯಲ್ಲಿ ಅಪರಿಚಿತರೊಬ್ಬರು ಹೇಳುತ್ತಾರೆ. ಎಂಆರ್‌ಐ, ಆಸ್ಪತ್ರೆ ದಾಖಲಾತಿ, ಪುನಃ ಪರೀಕ್ಷೆ ಇವುಗಳ ಖರ್ಚು ಬೇರೆ. ಖರ್ಚು ಉಳಿಸಲೆಂದೇ ಗಡಿ ದಾಟಿದವರ ಪೈಕಿ ವಿಮೆ ಇಲ್ಲದವರಿಗೆ ಈ ಕರೆ ಹೇಗೆ ಕೇಳಿಸಿರಬೇಕು ಎಂದು ಯೋಚಿಸಿದರೆ ಅವರ ಹಿಂಜರಿಕೆ ಅರ್ಥವಾಗುತ್ತದೆ. ಆದರೂ ಸಲಹೆ ಸರಿಯಾಗಿಯೇ ಇತ್ತು. ಲಕ್ಷಣವಿಲ್ಲದ ಕೆಲವರ ದ್ರವದಲ್ಲಿಯೂ ಸೋಂಕಿನ ಸುಳಿವು ಸಿಕ್ಕಿತು. ಲಕ್ಷಣ ಬಲಿಯುವವರೆಗೆ ಕಾದಿದ್ದರೆ ರಕ್ತನಾಳಗಳು ಕೆಡುತ್ತಿದ್ದವು.

ದ್ರವವನ್ನು ಪ್ರಯೋಗಾಲಯದಲ್ಲಿ ಇಟ್ಟು ಶಿಲೀಂಧ್ರವನ್ನು ಬೆಳೆಸುವ ಪ್ರಯತ್ನ ಎಷ್ಟೋ ಸಲ ವಿಫಲವಾಗುವುದರಿಂದ ಶಿಲೀಂಧ್ರದ ಹೊರಗೋಡೆಯ ಅಂಶವಾದ ಬೀಟಾ-ಡಿ-ಗ್ಲೂಕಾನ್ ಅನ್ನು ಅಳೆಯುವ ಪರೀಕ್ಷೆಯನ್ನು ಅವಲಂಬಿಸಬೇಕಾಯಿತು. ಮೇ ತಿಂಗಳ ಕೊನೆಯ ಹೊತ್ತಿಗೆ ಮೆಕ್ಸಿಕೊದ ರಾಷ್ಟ್ರೀಯ ಪ್ರಯೋಗಾಲಯ ಫ್ಯುಸೇರಿಯಂ ಸೊಲಾನಿಯ ಕುರುಹನ್ನು ಪತ್ತೆ ಮಾಡಿತು. ಆ ಹೆಸರು ಮೆಕ್ಸಿಕೊಗೆ ಹೊಸದಾಗಿರಲಿಲ್ಲ. 2022ರ ಕೊನೆಯ ತಿಂಗಳುಗಳಲ್ಲಿ ಅದೇ ದೇಶದ ಡುರಾಂಗೊ ನಗರದ ಖಾಸಗಿ ಆಸ್ಪತ್ರೆಗಳಲ್ಲಿ, ಬಹುತೇಕ ಸಿಸೇರಿಯನ್ ಹೆರಿಗೆಯಾದ ತಾಯಂದಿರಲ್ಲಿ, ಇದೇ ಶಿಲೀಂಧ್ರ ಸುಮಾರು 80 ಮಂದಿಗೆ ತಗುಲಿತ್ತು. ಅವರಲ್ಲಿ ಅರ್ಧದಷ್ಟು ಜನ ಸಾವಿಗೀಡಾಗಿದ್ದರು. ಆ ತಾಯಂದಿರು ಯಾವ ಗಡಿಯನ್ನೂ ದಾಟಿರಲಿಲ್ಲ. ಅಗ್ಗದ ಚಿಕಿತ್ಸೆ ಅರಸಿ ಬರುವ ವಿದೇಶಿಯರ ಬಗ್ಗೆ ಬರೆಯುವಾಗ ಅಲ್ಲಿಯೇ ಬದುಕುವ ರೋಗಿಗಳ ಕಷ್ಟವನ್ನು ನಾವು ಮರೆಯಬಾರದು.

ಮಟಮೊರೊಸ್ ಪ್ರಕರಣದಲ್ಲಿ ಅಮೆರಿಕದ ಹತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಖಚಿತವಾಗಿ ಅಥವಾ ಬಲವಾದ ಆಧಾರದಿಂದ ರೋಗವಿದೆ ಎಂದು ತೀರ್ಮಾನವಾದವರ ಪೈಕಿ ಇದು ಹೆಚ್ಚುಕಡಿಮೆ ಅರ್ಧ. ಬದುಕುಳಿದವರಿಗೆ ಲಿಪೊಸೋಮಲ್ ಆಂಫೊಟೆರಿಸಿನ್ ಬಿ ಮತ್ತು ವೊರಿಕೊನಜೋಲ್ ಎಂಬ ಎರಡು ಔಷಧಗಳನ್ನು ತಿಂಗಳುಗಟ್ಟಲೆ ಕೊಡಬೇಕಾಯಿತು. ಮೊದಲನೆಯದು ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲದು, ಎರಡನೆಯದರ ಪ್ರಮಾಣವನ್ನು ರಕ್ತಪರೀಕ್ಷೆಯಿಂದ ಅಳೆಯುತ್ತಲೇ ಇರಬೇಕು. ಇವೆರಡಕ್ಕೂ ಬಗ್ಗದ ಕೆಲವರಿಗೆ, ಇನ್ನೂ ಪ್ರಯೋಗದ ಹಂತದಲ್ಲಿದ್ದ ಫಾಸ್ಮನೊಜೆಪಿಕ್ಸ್ ಎಂಬ ಔಷಧವನ್ನು ವಿಶೇಷ ಅನುಮತಿ ಪಡೆದು ಬಳಸಲಾಯಿತು.

ಹನ್ನೊಂದು ವರ್ಷ ಹಿಂದಿನ ಇನ್ನೊಂದು ಸೂಜಿ

ಇದನ್ನು "ವಿದೇಶದ ಚಿಕಿತ್ಸೆಯ ಅಪಾಯ" ಎಂದಷ್ಟೇ ಬರೆದು ಮುಗಿಸಿದರೆ ಅನ್ಯಾಯವಾಗುತ್ತದೆ. 2012ರಲ್ಲಿ ಅಮೆರಿಕದೊಳಗೇ, ಮ್ಯಾಸಚೂಸೆಟ್ಸ್ ರಾಜ್ಯದ ನ್ಯೂ ಇಂಗ್ಲೆಂಡ್ ಕಾಂಪೌಂಡಿಂಗ್ ಸೆಂಟರ್ ಎಂಬ ಔಷಧ ತಯಾರಕ ಸಂಸ್ಥೆಯಿಂದ ಹೊರಟ ಸ್ಟೀರಾಯ್ಡ್ ಸೀಸೆಗಳು ಶಿಲೀಂಧ್ರದಿಂದ ಕಲುಷಿತಗೊಂಡಿದ್ದವು. ಬೆನ್ನುನೋವಿಗಾಗಿ ಅದನ್ನು ಚುಚ್ಚಿಸಿಕೊಂಡವರಲ್ಲಿ 750ಕ್ಕೂ ಹೆಚ್ಚು ಮಂದಿ, 20 ರಾಜ್ಯಗಳಲ್ಲಿ, ಕಾಯಿಲೆ ಬಿದ್ದರು. 60ಕ್ಕೂ ಹೆಚ್ಚು ಜನ ಸತ್ತರು. ಸಂಖ್ಯೆಯನ್ನೇ ನೋಡಿದರೆ ಅದು ಮಟಮೊರೊಸ್‌ಗಿಂತ ಬಹಳ ದೊಡ್ಡ ದುರಂತ, ಮತ್ತು ನಡೆದದ್ದು ಅತ್ಯಂತ ದುಬಾರಿ ಆರೋಗ್ಯ ವ್ಯವಸ್ಥೆಯ ಒಳಗೆ.

ಆದರೆ ಅಲ್ಲಿ ಹುಡುಕಾಟ ನಡೆದ ಬಗೆ ಬೇರೆ. ಟೆನೆಸೀ ರಾಜ್ಯದ ಒಬ್ಬ ವೈದ್ಯೆ ತನ್ನ ಒಬ್ಬ ರೋಗಿಯ ಬಗ್ಗೆ ಆರೋಗ್ಯ ಇಲಾಖೆಗೆ ತಿಳಿಸಿದ ಕೆಲವೇ ದಿನಗಳಲ್ಲಿ ಔಷಧದ ತಯಾರಿ ಸಂಖ್ಯೆಗಳು ಪತ್ತೆಯಾದವು. ಮೂರು ಬ್ಯಾಚ್‌ಗಳ ಸೀಸೆಗಳು ಯಾವ ಯಾವ ಕ್ಲಿನಿಕ್ಕಿಗೆ ಹೋಗಿದ್ದವು, ಅಲ್ಲಿ ಯಾರಿಗೆ ಚುಚ್ಚಲಾಗಿತ್ತು ಎಂಬ ದಾಖಲೆ ಇತ್ತು. ಸುಮಾರು 14,000 ಜನರಲ್ಲಿ ಬಹುಪಾಲು ಎಲ್ಲರನ್ನೂ ವಾರಗಳೊಳಗೆ ಸಂಪರ್ಕಿಸಲು ಸಾಧ್ಯವಾಯಿತು. ಅಲ್ಲಿ ಸಾವಿನ ಪ್ರಮಾಣ ನೂರಕ್ಕೆ ಹತ್ತಕ್ಕಿಂತ ಕೆಳಗೆ ಉಳಿಯಿತು. ಅಲ್ಲಿದ್ದ ಶಿಲೀಂಧ್ರ ಬೇರೆಯದು, ಫ್ಯುಸೇರಿಯಂನಷ್ಟು ಔಷಧಕ್ಕೆ ಬಗ್ಗದ ಜಾತಿಯಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಆದ್ದರಿಂದ ವ್ಯತ್ಯಾಸವನ್ನೆಲ್ಲ ದಾಖಲೆಗಳ ತಲೆಗೆ ಕಟ್ಟಲಾಗದು. ಹಾಗಿದ್ದರೂ ಸೀಸೆಯಿಂದ ರೋಗಿಯವರೆಗೆ ಒಂದೇ ಕಾನೂನಿನ ಅಡಿಯಲ್ಲಿ ಎಳೆ ಹಿಡಿದು ಹೋಗಬಹುದಾಗಿದ್ದುದು ನೂರಾರು ಜೀವಗಳನ್ನು ಉಳಿಸಿತು ಎಂದೇ ನಾನು ನಂಬುತ್ತೇನೆ. ಮಟಮೊರೊಸ್‌ನಲ್ಲಿ ಆ ಎಳೆ ಸೇತುವೆಯ ಮೇಲೆ ತುಂಡಾಗಿತ್ತು. ಪಟ್ಟಿ ಒಂದು ದೇಶದ್ದು, ರೋಗಿ ಇನ್ನೊಂದು ದೇಶದವರು. ಕೈಯಲ್ಲಿ ಅರಿವಳಿಕೆಯ ದಾಖಲೆ ಹಿಡಿದು ಮನೆಗೆ ಬಂದವರು ವಿರಳ.

ಹೊರಡುವ ಮೊದಲು

ಇಂತಹ ಪ್ರಯಾಣಗಳನ್ನು ನಿಲ್ಲಿಸಿ ಎಂದು ಹೇಳುವುದರಿಂದ ಅವು ನಿಲ್ಲುವುದಿಲ್ಲ, ಎಷ್ಟೋ ಜನರಿಗೆ ಅದೊಂದೇ ದಾರಿ ಕೂಡ. ಸೋಂಕೊಂದೇ ಅಪಾಯವೂ ಅಲ್ಲ. ಡೊಮಿನಿಕನ್ ರಿಪಬ್ಲಿಕ್‌ನಲ್ಲಿ 2009ರಿಂದ 2022ರವರೆಗೆ ಸೌಂದರ್ಯ ಶಸ್ತ್ರಚಿಕಿತ್ಸೆಯ ನಂತರ 93 ಅಮೆರಿಕನ್ನರು ಸತ್ತ ಬಗ್ಗೆ ಸಿಡಿಸಿ ವರದಿ ಮಾಡಿದೆ. ವಿವರವಾಗಿ ಪರಿಶೀಲಿಸಿದ ಸಾವುಗಳಿಗೆ ಬಹುಪಾಲು ಕಾರಣವಾದದ್ದು ರಕ್ತನಾಳದಲ್ಲಿ ಸಿಕ್ಕಿಕೊಂಡ ಕೊಬ್ಬಿನ ಕಣ ಅಥವಾ ಹೆಪ್ಪುಗಟ್ಟಿದ ರಕ್ತ. ಎದೆ ಅಥವಾ ಹೊಟ್ಟೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಕನಿಷ್ಠ 10 ದಿನ ವಿಮಾನ ಹತ್ತಬಾರದು ಎಂದು ಅದೇ ಸಂಸ್ಥೆ ಹೇಳುತ್ತದೆ. ಆದರೆ ಪ್ಯಾಕೇಜುಗಳ ವೇಳಾಪಟ್ಟಿ ವಾಸ್ತವ್ಯದ ಖರ್ಚು ತಗ್ಗಿಸುವ ಲೆಕ್ಕದಲ್ಲಿ ಸಿದ್ಧವಾಗುವುದುಂಟು. ಮರಳುವ ಟಿಕೆಟನ್ನು ಮೊದಲು ಕಾದಿರಿಸಿ ಶಸ್ತ್ರಚಿಕಿತ್ಸೆಯ ದಿನವನ್ನು ಅದಕ್ಕೆ ಹೊಂದಿಸುವುದು ತಲೆಕೆಳಗಾದ ಕ್ರಮ.

ಮಟಮೊರೊಸ್‌ನಲ್ಲಿ ರೋಗಿಯ ಕೈಯಲ್ಲಿ ಏನಿದ್ದಿದ್ದರೆ ಪ್ರಯೋಜನವಾಗುತ್ತಿತ್ತು ಎಂದು ಕೇಳಿಕೊಂಡರೆ ಉತ್ತರ ಬಹಳ ಸರಳವಾದದ್ದು. ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಅರಿವಳಿಕೆಯ ದಾಖಲೆ, ಕೊಟ್ಟ ಪ್ರತಿ ಔಷಧದ ಹೆಸರು ಮತ್ತು ಬ್ಯಾಚ್ ಸಂಖ್ಯೆ, ಅರಿವಳಿಕೆ ಕೊಟ್ಟವರ ಹೆಸರು, ದೇಹದೊಳಗೆ ಏನನ್ನಾದರೂ ಅಳವಡಿಸಿದ್ದರೆ ಅದರ ಮೇಲಿನ ಚೀಟಿ. ಇವೆಲ್ಲವೂ ತನ್ನೂರಿನ ವೈದ್ಯರು ಓದಬಲ್ಲ ಭಾಷೆಯಲ್ಲಿ, ಬಿಡುಗಡೆಯ ದಿನವೇ ಕೈಸೇರಬೇಕು. ಹಣ ಕಟ್ಟುವ ಮೊದಲೇ ಇದನ್ನು ಕೊಡುತ್ತೀರಾ ಎಂದು ಕೇಳಿದರೆ ಕೇಂದ್ರದ ಉತ್ತರದಲ್ಲಿಯೇ ಬಹಳಷ್ಟು ತಿಳಿಯುತ್ತದೆ. ಒಬ್ಬ ರೋಗಿಗೆ ತೆರೆದ ಔಷಧದ ಸೀಸೆಯಿಂದ ಇನ್ನೊಬ್ಬರಿಗೂ ಕೊಡುವ ಪದ್ಧತಿ ಇದೆಯೇ ಎಂಬುದೂ ಕೇಳಲೇಬೇಕಾದ ಪ್ರಶ್ನೆ. ಶಸ್ತ್ರಚಿಕಿತ್ಸಕರ ಪದವಿಗಳ ಚೌಕಟ್ಟು ಗೋಡೆಯ ಮೇಲೆ ಇರುತ್ತದೆ, ಈ ಪ್ರಶ್ನೆಯ ಉತ್ತರ ಯಾವ ಗೋಡೆಯ ಮೇಲೂ ಇರುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಹೊರಡುವ ಕನಿಷ್ಠ ಒಂದು ತಿಂಗಳ ಮೊದಲು ತನ್ನೂರಿನ ಒಬ್ಬ ವೈದ್ಯರಿಗೆ ವಿಷಯ ತಿಳಿಸಿ, ಮರಳಿದ ಮೇಲೆ ನನ್ನನ್ನು ನೋಡುತ್ತೀರಾ ಎಂದು ಕೇಳಿ ಒಪ್ಪಿಗೆ ಪಡೆದಿರಬೇಕು. ಬೇರೆಯವರು ಮಾಡಿದ ಶಸ್ತ್ರಚಿಕಿತ್ಸೆಯ ಹೊಣೆ ನಮಗೇಕೆ ಎಂದು ಹಿಂದೇಟು ಹಾಕುವ ವೈದ್ಯರು ಇದ್ದಾರೆ, ಅವರ ಕಾನೂನಿನ ಭಯ ಆಧಾರವಿಲ್ಲದ್ದೂ ಅಲ್ಲ. ಆದರೆ ಒಪ್ಪುವವರು ಒಬ್ಬರಾದರೂ ಸಿಗುವವರೆಗೆ ದಿನಾಂಕ ನಿಗದಿ ಮಾಡಬಾರದು. ಉಳಿದ ಹಣದಲ್ಲಿ ಒಂದು ಪಾಲನ್ನು ಮರಳಿದ ಮೇಲಿನ ಪರೀಕ್ಷೆಗಳಿಗೆಂದೇ ಮೀಸಲಿಡುವುದು ಮೇಲು, ಏಕೆಂದರೆ ಯೋಜಿತ ಶಸ್ತ್ರಚಿಕಿತ್ಸೆಯ ತೊಡಕುಗಳನ್ನು ಸಾಮಾನ್ಯ ಪ್ರಯಾಣ ವಿಮೆ ಒಳಗೊಳ್ಳುವುದಿಲ್ಲ.

ವೈದ್ಯರ ಕಡೆಯಿಂದ ಆಗಬೇಕಾದದ್ದು ಇನ್ನೂ ಚಿಕ್ಕದು. ಹಲವು ದಿನಗಳ ತಲೆನೋವು ಹೊತ್ತು ಬಂದ ರೋಗಿಯನ್ನು, ಕಳೆದ ಆರು ತಿಂಗಳಲ್ಲಿ ಎಲ್ಲಿಯಾದರೂ, ಯಾವ ದೇಶದಲ್ಲಾದರೂ, ಬೆನ್ನಿಗೆ ಸೂಜಿ ಹಾಕಿಸಿಕೊಂಡಿದ್ದೀರಾ ಎಂದು ಕೇಳಬೇಕು. ಹೌದು ಎಂದರೆ ಬೆನ್ನಿನ ನೀರನ್ನು ಆ ದಿನವೇ ಪರೀಕ್ಷೆಗೆ ಕಳಿಸಬೇಕು, ಬ್ಯಾಕ್ಟೀರಿಯಾದ ಜೊತೆಗೆ ಶಿಲೀಂಧ್ರವನ್ನೂ ಹುಡುಕಿ ಎಂದು ಪ್ರಯೋಗಾಲಯಕ್ಕೆ ಬರೆದು ತಿಳಿಸಬೇಕು, ಮತ್ತು ಫಲಿತಾಂಶ ಬರುವ ಮೊದಲೇ ಆರೋಗ್ಯ ಇಲಾಖೆಗೆ ಒಂದು ಕರೆ ಮಾಡಬೇಕು.